ಮೊದಲ ಮಳೆ ತೊಳೆದದ್ದು

ರಾತ್ರಿ ಬೆಂಗಳೂರಿನ ಯಲಹಂಕದಲ್ಲಿ ಈ ಬೇಸಿಗೆಯ ಮೊದಲ ಮಳೆ ಹುಯ್ದಿದೆ. ಬೀದಿ ತೊಳೆದಿಟ್ಟಂತಿದೆ, ಹೊಂಗೆ ಎಲೆಗಳ ಧೂಳೂ ಇಳಿದಿದೆ. ತೊಳೆದ ಕೊಳೆ ಹೋದದ್ದೆಲ್ಲಿಗೆ?

ಮೋರಿಯ ಅಂಚಿನಲ್ಲಿ ಬಗ್ಗಿ ನೋಡಿದರೆ ಅದರ ಗುರುತು ಸಿಗುತ್ತದೆ. ನಿಂತ ನೀರಿನ ಮೇಲೆ ನೇರಳೆ, ಹಸಿರು ಮಿಂಚುವ ತೆಳು ಪೊರೆ. ಗಾಡಿಗಳಿಂದ ತಿಂಗಳುಗಟ್ಟಲೆ ತೊಟ್ಟಿಕ್ಕಿದ ಆಯಿಲ್ ಅದು. ಅದರಡಿಯ ಕಪ್ಪು ರಾಡಿಯಲ್ಲಿ ಟೈರು ಸವೆದ ಪುಡಿ, ಬ್ರೇಕಿನ ಧೂಳು, ಕಟ್ಟುತ್ತಿರುವ ಮನೆಯ ಮುಂದೆ ಮಿಕ್ಸರ್ ತೊಳೆದ ಸಿಮೆಂಟ್ ನೀರು, ನಾಯಿಗಳ ಹೊಲಸು, ಕುಂಡಗಳಿಗೆ ಹಾಕಿದ ಗೊಬ್ಬರ. ಬೇಸಿಗೆಯಿಡೀ ಕೂಡಿದ್ದನ್ನು ಮೊದಲ ಮಳೆ ಒಂದೇ ಸಲಕ್ಕೆ ಹೊತ್ತೊಯ್ಯುತ್ತದೆ.

ಮನೆಗಳ ಕೊಳಚೆಗೆ ಒಂದು ದಾರಿಯಾದರೂ ಇದೆ. ಜಕ್ಕೂರಿನಲ್ಲಿ ಅದು ಶುದ್ಧೀಕರಣ ಘಟಕ ದಾಟಿ, ಜೊಂಡು ಬೆಳೆದ ಜೌಗಿನಲ್ಲಿ ಸೋಸಿ, ಆಮೇಲೆ ಕೆರೆ ಸೇರುತ್ತದೆ. ಈ ನಗರ ಮಾಡಿದ ಒಳ್ಳೆಯ ಕೆಲಸಗಳಲ್ಲಿ ಇದೊಂದು ಎಂದೇ ನಾನು ನಂಬಿದ್ದೇನೆ. ಬೀದಿಯ ಮಳೆನೀರಿಗೆ ಅಂಥ ಘಟಕವಿಲ್ಲ. ಮೋರಿಯಿಂದ ರಾಜಕಾಲುವೆ, ರಾಜಕಾಲುವೆಯಿಂದ ಕೆರೆ, ಅಷ್ಟೇ. ಕೆರೆಗಿಳಿದ ಹೊಲಸು ಕೊಳೆಯುವಾಗ ನೀರಿನ ಆಮ್ಲಜನಕವನ್ನು ಹೀರಿಬಿಡುತ್ತದೆ. ಮೊದಲ ಮಳೆಯ ಬೆನ್ನಿಗೇ ಬೆಂಗಳೂರಿನ ಕೆರೆಗಳಲ್ಲಿ ಮೀನು ಸತ್ತು ತೇಲುವುದಕ್ಕೆ ಇದೂ ಒಂದು ಕಾರಣ. ಗೊಬ್ಬರದ ರಂಜಕವನ್ನು ಉಂಡು ಜಲಕಳೆ ಹಬ್ಬುತ್ತದೆ.

ಹಿಂದಿನವರು ಕೆರೆಗಳನ್ನು ಒಂದರ ಕೆಳಗೊಂದು ಕಟ್ಟಿದರು. ಮೇಲಿನದು ಕೋಡಿ ಬಿದ್ದರೆ ಕೆಳಗಿನದಕ್ಕೆ ನೀರು. ಜಕ್ಕೂರಿನದು ರಾಚೇನಹಳ್ಳಿಗೆ, ಮುಂದೆ ಎಲೆ ಮಲ್ಲಪ್ಪ ಶೆಟ್ಟಿ ಕೆರೆಯ ಹಾದಿಯಾಗಿ ದಕ್ಷಿಣ ಪಿನಾಕಿನಿಗೆ. ಬೆಂಗಳೂರಿನ ಕೊಳೆಯ ದೊಡ್ಡ ಪಾಲು ಆ ನದಿ ಸೇರಿ, ಗಡಿಯಾಚೆ ಹೊಸೂರಿನ ಬಳಿಯ ಕೆಲವರಪಳ್ಳಿ ಅಣೆಕಟ್ಟೆಯಲ್ಲಿ ನೊರೆಯಾಗಿ ಏಳುತ್ತದೆ. ಅಲ್ಲಿನ ರೈತರು ನಮ್ಮ ಬೀದಿಯನ್ನು ಕಂಡವರಲ್ಲ.

ಒಂದು ಕಾರ್ಖಾನೆಯ ಕೊಳವೆಯಿಂದ ವಿಷ ಹರಿದರೆ ಯಾರನ್ನು ಕೇಳಬೇಕೆಂದು ಗೊತ್ತು. ಇಲ್ಲಿ ಪ್ರತಿ ಮನೆಯದೂ ಚೂರು ಚೂರು, ಹಾಗಾಗಿ ಯಾರಿಗೂ ತಟ್ಟುವುದಿಲ್ಲ. ನನ್ನನ್ನು ಹೆಚ್ಚು ಕಾಡುವುದು ಇದೇ.

ಮಳೆಗಾಲಕ್ಕೆ ಮೊದಲು ಮೋರಿಯ ಹೂಳೆತ್ತುತ್ತಾರೆ. ಎತ್ತಿದ್ದು ಎಷ್ಟೋ ಕಡೆ ಮೋರಿಯ ದಂಡೆಯ ಮೇಲೇ ರಾಶಿ ಬಿದ್ದಿರುತ್ತದೆ. ಮಳೆ ಬಂದರೆ ಮತ್ತೆ ಒಳಗೆ. ನಮ್ಮ ಬೀದಿಯ ರಾಶಿ ಅರ್ಧ ಆಗಲೇ ಹೋಗಿದೆ. ಉಳಿದರ್ಧವನ್ನು ಇವತ್ತೇ ಲಾರಿಗೆ ಹೇರಿಸಬೇಕು, ಸಂಜೆಗೆ ಮತ್ತೆ ಮೋಡ ಕಟ್ಟುವ ಲಕ್ಷಣವಿದೆ.