ಹೊಗೆ ಕಂಡವರು ಏನನ್ನಬೇಕು?

ಬೆಂಕಿ ಇಲ್ಲದೆ ಹೊಗೆಯಾಡಲ್ಲ ಅಂತಾರೆ ನಮ್ಮೂರಲ್ಲಿ. 124 ಜ್ಯೋತಿರ್ವರ್ಷ ದೂರದ ಕೆ2-18ಬಿ ಗ್ರಹದ ವಿಷಯದಲ್ಲಿ ಈ ಗಾದೆ ಎಡವುತ್ತೆ.

ಗ್ರಹವು ತನ್ನ ನಕ್ಷತ್ರದ ಮುಂದೆ ಹಾಯುವಾಗ, ಅದರ ವಾತಾವರಣದಲ್ಲಿ ಸೋಸಿ ಬಂದ ಬೆಳಕನ್ನು ನೋಡಿ ಅಲ್ಲಿನ ಅನಿಲಗಳನ್ನು ಗುರುತಿಸುತ್ತಾರೆ. 2025ರ ಏಪ್ರಿಲ್‌ನಲ್ಲಿ ಕೇಂಬ್ರಿಡ್ಜ್‌ನ ನಿಕ್ಕು ಮಧುಸೂದನ್ ಅವರ ತಂಡ, ವೆಬ್ ದೂರದರ್ಶಕದ ದತ್ತಾಂಶದಲ್ಲಿ ಡೈಮೀಥೈಲ್ ಸಲ್ಫೈಡ್ ಅಥವಾ ಅದರಂಥದ್ದೇ ಅನಿಲದ ಸುಳಿವಿದೆ ಎಂದಿತು. ನಮ್ಮ ಭೂಮಿಯಲ್ಲಿ ಅದರ ಮುಖ್ಯ ಮೂಲ ಸಮುದ್ರದ ಸೂಕ್ಷ್ಮಜೀವಿಗಳು. ಆದರೆ 67ಪಿ ಎಂಬ ನಿರ್ಜೀವ ಧೂಮಕೇತುವಿನಲ್ಲೂ ಅದು ಸಿಕ್ಕಿದೆ! ಬೇರೆ ತಂಡಗಳು ಅದೇ ದತ್ತಾಂಶ ನೋಡಿ, ಇಷ್ಟು ಸಾಕ್ಷಿ ಸಾಲದು ಅಂದವು.

ಹಾಗಾದ್ರೆ ಖಚಿತವಾಗೋ ತನಕ ಅವರು ಸುಮ್ಮನಿರಬೇಕಿತ್ತಾ? ನನಗೆ ಹಾಗನ್ನಿಸಲ್ಲ. ಮುಚ್ಚಿಟ್ಟ ಸುಳಿವನ್ನು ಯಾರೂ ಪರೀಕ್ಷಿಸಲಾರರು. ತಮ್ಮ ಖಚಿತತೆ ಮೂರು ಸಿಗ್ಮಾ ಮಾತ್ರ, ಶೋಧ ಎನ್ನಲು ಐದು ಬೇಕು ಎಂದು ಆ ತಂಡವೇ ಹೇಳಿತ್ತು. ಆ ಮೂರನ್ನು ಕಿತ್ತುಹಾಕಿ 'ಜೀವ ಸಿಕ್ತಂತೆ' ಅಂತ ದಾಟಿಸಿದಲ್ಲೇ ಸುಳ್ಳು ಹುಟ್ಟೋದು. ಅನುಮಾನವನ್ನೂ ಸೇರಿಸಿ ಹೇಳಿದವರು ತಮ್ಮ ಕೆಲಸ ಮಾಡಿದ್ದಾರೆ. ಸುದ್ದಿಯನ್ನು ವಾಟ್ಸಾಪಲ್ಲಿ ಮುಂದಕ್ಕೆ ಕಳಿಸುವವರು ಆ ಅನುಮಾನವನ್ನೂ ಜೊತೆಗೇ ಕಳಿಸಬೇಕು.