ಕಾಣುವ ಕೊರತೆ, ಕಾಣದ ಕೊರತೆ

ಬೈಜಾಂಟಿಯನ್ ಸಾಮ್ರಾಜ್ಯದ ತಾಮ್ರದ ನಾಣ್ಯಗಳನ್ನು ಸಾಲಾಗಿ ಜೋಡಿಸಿಟ್ಟರೆ ಒಂದರಂತೆ ಮತ್ತೊಂದಿಲ್ಲ. ಒಂದು ಅಗಲ, ಒಂದು ಕಿರಿದು. ಒಂದು ದಪ್ಪ, ಒಂದು ತೆಳು. ಒಂದರಲ್ಲಿ ಚಕ್ರವರ್ತಿಯ ಮುಖ ನಟ್ಟನಡುವೆ ಇದ್ದರೆ, ಇನ್ನೊಂದರಲ್ಲಿ ಅಚ್ಚು ಜಾರಿ ಅರ್ಧ ಕಿರೀಟವೇ ಅಂಚಿನಾಚೆ ಹೋಗಿದೆ. ಒಬ್ಬನೇ ಅರಸನ ಕಾಲದ, ಒಂದೇ ಟಂಕಸಾಲೆಯ ನಾಣ್ಯಗಳೂ ತಕ್ಕಡಿಯಲ್ಲಿ ಸರಿದೂಗುವುದಿಲ್ಲ. ಆದರೂ ಪೇಟೆಯಲ್ಲಿ ಒಂದೇ ಗುರುತಿನ ನಾಣ್ಯಗಳೆಲ್ಲ ಒಂದೇ ಬೆಲೆಗೆ ನಡೆದವು.

ಕ್ರಿ.ಶ. 498ರವರೆಗೆ ಅಲ್ಲಿನ ಜನರ ಕೈಯಲ್ಲಿದ್ದದ್ದು ನುಮ್ಮಸ್ ಎಂಬ ಚಿಕ್ಕ ಕಾಸು. ಸಣ್ಣಪುಟ್ಟ ವ್ಯವಹಾರಕ್ಕೂ ಅದನ್ನು ರಾಶಿ ಹಾಕಿ ಎಣಿಸಬೇಕಿತ್ತು. ಆ ವರ್ಷ ಅನಸ್ತಾಸಿಯಸ್ ಚಕ್ರವರ್ತಿ 40 ನುಮ್ಮಸ್‌ಗೆ ಸಮನಾದ ಫಾಲಿಸ್ ನಾಣ್ಯವನ್ನು ಹೊರಡಿಸಿ, ಅದರ ಹಿಂಬದಿಯಲ್ಲಿ ‘ಎಂ’ ಅಕ್ಷರವನ್ನು ದೊಡ್ಡದಾಗಿ ಒತ್ತಿಸಿದ. ಗ್ರೀಕರ ಲೆಕ್ಕದಲ್ಲಿ ಆ ಅಕ್ಷರಕ್ಕೆ 40ರ ಬೆಲೆ. ‘ಕೆ’ ಇದ್ದರೆ 20, ‘ಐ’ ಇದ್ದರೆ 10. ಓದು ಬಾರದವನೂ ಗುರುತು ಹಿಡಿಯಬಹುದಾದ ಮಾತು ಅದು. ಇಷ್ಟು ಲೋಹಕ್ಕೆ ಇಷ್ಟು ನಾಣ್ಯ ಎಂಬ ಒಟ್ಟು ಲೆಕ್ಕ ಸರಿಯಿದ್ದರೆ ಸಾಕಿತ್ತು. ಒಂದೊಂದು ತಾಮ್ರದ ಬಿಲ್ಲೆಯನ್ನೂ ಯಾರೂ ತೂಗುತ್ತಿರಲಿಲ್ಲ. ಒಬ್ಬಳೇ ತಾಯಿ ಒಂದೇ ಹಿಟ್ಟಿನಲ್ಲಿ ತಟ್ಟಿದ ರೊಟ್ಟಿಗಳಲ್ಲೂ ಹೆಚ್ಚುಕಡಿಮೆ ಇರುತ್ತದಲ್ಲ, ಅಂಥದ್ದೇ ವ್ಯತ್ಯಾಸ ಇದು. ಇದರಲ್ಲಿ ಮೋಸವಿಲ್ಲ. ಕೈಕೆಲಸ ಎಂದಮೇಲೆ ಕೈಯ ಗುರುತು ಉಳಿಯಲೇಬೇಕು.

ಚಿನ್ನದ ವಿಷಯ ಬೇರೆ. ಕಾನ್‌ಸ್ಟಂಟೈನ್ ಚಕ್ರವರ್ತಿ ನಾಲ್ಕನೆಯ ಶತಮಾನದ ಆರಂಭದಲ್ಲಿ ತಂದ ಸಾಲಿಡಸ್ ನಾಣ್ಯ ಒಂದು ರೋಮನ್ ಪೌಂಡಿಗೆ 72ರಂತೆ, ಸುಮಾರು ನಾಲ್ಕೂವರೆ ಗ್ರಾಂ ತೂಗುತ್ತಿತ್ತು. ಇದನ್ನು ಬಿಡಿಬಿಡಿಯಾಗಿ ತೂಗಿ ಸರಿಪಡಿಸುತ್ತಿದ್ದರು. ನಮ್ಮ ಹಾವೇರಿ ಜಿಲ್ಲೆಯ ಅಕ್ಕಿಆಲೂರಿನ ನೆಲದಲ್ಲೂ ಇಂಥ ಚಿನ್ನದ ನಾಣ್ಯಗಳ ನಿಧಿ ಸಿಕ್ಕಿದೆ. ದಕ್ಷಿಣ ಭಾರತಕ್ಕೆ ಬಂದ ಈ ನಾಣ್ಯಗಳಲ್ಲಿ ಹಲವಕ್ಕೆ ಅರಸನ ತಲೆಯ ಮೇಲ್ಭಾಗದಲ್ಲಿ ಎರಡು ತೂತುಗಳಿವೆ. ದಾರ ಪೋಣಿಸಿ ತೊಟ್ಟಾಗ ಆ ಮುಖ ನೆಟ್ಟಗೆ ನಿಲ್ಲಲಿ ಎಂದು ಹಾಗೆ ಮಾಡಿರಬೇಕು. ಅರಸ ಯಾರೆಂದು ತಿಳಿಯದಿದ್ದರೂ ಚಿನ್ನ ಸಾಚಾ ಎಂಬುದು ತೊಟ್ಟವರಿಗೆ ತಿಳಿದಿತ್ತು.

ಮುಂದೆ ತಾಮ್ರದ ನಾಣ್ಯಕ್ಕೆ ಕಾಲ ಕೆಟ್ಟಿತು. ಜಸ್ಟಿನಿಯನ್ ತನ್ನ ಆಳ್ವಿಕೆಯ ಹನ್ನೆರಡನೆಯ ವರ್ಷ, 538-39ರಲ್ಲಿ, ಒತ್ತಿಸಿದ ಫಾಲಿಸ್ ಇಪ್ಪತ್ತು ಗ್ರಾಂಗೂ ಮೀರಿ ತೂಗುತ್ತಿತ್ತು. ಪರ್ಷಿಯನ್ನರು, ಬಳಿಕ ಅರಬರು ಏರಿಬಂದ ನಂತರ, ಹೆರಾಕ್ಲಿಯಸ್ ಚಕ್ರವರ್ತಿಯ ಕೊನೆಯ ವರ್ಷಗಳಲ್ಲಿ, ಅದು ಐದಾರು ಗ್ರಾಂಗೆ ಇಳಿದಿತ್ತು. ಹಳೆಯ ನಾಣ್ಯಗಳನ್ನೇ ತುಂಡರಿಸಿ ಅವುಗಳ ಮೇಲೆ ಹೊಸ ಅಚ್ಚು ಒತ್ತಿದರು. ಹೊಸ ಅರಸನ ಮುಖದಡಿ ಹಳೆಯವನ ಹೆಸರಿನ ಅಕ್ಷರಗಳು ಇಣುಕುತ್ತವೆ. ನೋಡಲು ಚೆಂದವಿಲ್ಲ. ಆದರೆ ಆ ನಾಣ್ಯ ತನ್ನ ಬಡತನವನ್ನು ಬಚ್ಚಿಡಲಿಲ್ಲ. ಕೈಗೆತ್ತಿಕೊಂಡವನಿಗೆ ನಾಡು ಕಷ್ಟದಲ್ಲಿದೆಯೆಂದು ಗೊತ್ತಾಗುತ್ತಿತ್ತು. ಜಸ್ಟಿನಿಯನ್ನನ ಕಾಲದಿಂದ ಹೊರಟ ಕಡಿಮೆ ತೂಕದ ಚಿನ್ನದ ನಾಣ್ಯಗಳ ಮೇಲೂ ಆ ಕೊರತೆಯನ್ನು ಹೇಳುವ ಗುರುತನ್ನೇ ಒತ್ತುತ್ತಿದ್ದರು.

ಹನ್ನೊಂದನೆಯ ಶತಮಾನದಲ್ಲಿ ಆದದ್ದು ಇದಕ್ಕೆ ತೀರಾ ವಿರುದ್ಧ. ಏಳುನೂರು ವರ್ಷ ಹೆಚ್ಚುಕಡಿಮೆ ಅಪರಂಜಿಯಾಗಿಯೇ ಉಳಿದಿದ್ದ ಚಿನ್ನದ ನಾಣ್ಯಕ್ಕೆ ನಾಲ್ಕನೆಯ ಮೈಕೇಲನ ಕಾಲದಿಂದ ಬೆರಕೆ ಸೇರತೊಡಗಿತು. ತೂಕ ಕಡಿಮೆಯಾಗಲಿಲ್ಲ, ಅಗಲ ಇನ್ನೂ ಹೆಚ್ಚಿತು. ಅರಸನ ಮುಖ, ಕ್ರಿಸ್ತನ ರೂಪ ಎಲ್ಲ ಮೊದಲಿನಂತೆಯೇ ಇದ್ದವು. ಒಳಗಿನ ಚಿನ್ನ ಮಾತ್ರ ಅರಸರಿಂದ ಅರಸರಿಗೆ ಕರಗುತ್ತ ಹೋಗಿ, ಅಲೆಕ್ಸಿಯಸ್ ಪಟ್ಟಕ್ಕೆ ಬಂದ ಮೊದಲ ವರ್ಷಗಳಲ್ಲಿ ಇಲ್ಲವೇ ಇಲ್ಲ ಎನ್ನುವಷ್ಟಾಯಿತು. ಹೊರಗೆ ಏನೂ ಕೊರತೆಯಾಗದ ಈ ನಾಣ್ಯವೇ ಜನರ ನಂಬಿಕೆಯನ್ನು ಮುರಿದದ್ದು.

ಕುಗ್ಗಿದ ತಾಮ್ರ, ಬೆರಕೆಯ ಚಿನ್ನ, ಈ ಎರಡು ನಾಣ್ಯಗಳ ಬಗ್ಗೆ ಯೋಚಿಸಬೇಕು. ಎಲ್ಲರೂ ಒಂದೇ ಅಳತೆಯವರಲ್ಲ. ಶಕ್ತಿ, ರೂಪ, ಪ್ರತಿಭೆ ಒಬ್ಬೊಬ್ಬರಲ್ಲಿ ಒಂದೊಂದು ತೂಕ. ಅದಕ್ಕೆ ಯಾರೂ ನಾಚಬೇಕಿಲ್ಲ. ಕಷ್ಟ ಬಂದು ಮೊದಲಿಗಿಂತ ಕುಗ್ಗಿದರೆ ಅದಕ್ಕೂ ನಾಚಬೇಕಿಲ್ಲ. “ಈಗ ನನ್ನಿಂದ ಇಷ್ಟೇ ಸಾಧ್ಯ” ಎಂದು ಹೇಳಿದವರನ್ನು ನಾವು ಕೈಬಿಡುವುದಿಲ್ಲ. ನಗು, ಮಾತು, ಹೆಸರು ಎಲ್ಲವನ್ನೂ ಹಾಗೆಯೇ ಇಟ್ಟುಕೊಂಡು, ಒಳಗಿನ ನಿಜವನ್ನು ದಿನಕ್ಕಿಷ್ಟು ಕಳೆಯುತ್ತ ಹೋದರೆ ಮಾತ್ರ ಸಂಬಂಧಗಳು ಸವೆಯುತ್ತವೆ. ಒರೆಗೆ ಹಚ್ಚುವ ಒಂದು ದಿನ ಎಲ್ಲರಿಗೂ ಬರುತ್ತದೆ.

ಹಾಗೆಂದು ಕೆಟ್ಟದ್ದು ಕೆಟ್ಟೇ ಉಳಿಯಬೇಕಿಲ್ಲ. 1092ರಲ್ಲಿ ಅಲೆಕ್ಸಿಯಸ್ ಬಟ್ಟಲಿನಂತೆ ಬಾಗಿದ ಹೊಸ ಚಿನ್ನದ ನಾಣ್ಯ ತಂದ. ಹಳೆಯ ಅಪರಂಜಿಯ ಮಾತು ಕೊಡಲಿಲ್ಲ, ಕೊಟ್ಟಿದ್ದರೆ ನಡೆಸುವುದೂ ಕಷ್ಟವಿತ್ತು. ಸುಮಾರು ಇಪ್ಪತ್ತೂವರೆ ಕ್ಯಾರೆಟ್‌ಗೆ ನಿಗದಿ ಮಾಡಿದ. ಅದು ನೂರು ವರ್ಷಕ್ಕೂ ಮೀರಿ ನಿಂತಿತು, ಜನ ಮತ್ತೆ ನಂಬಿದರು. ಕಳೆದ ನಂಬಿಕೆಯನ್ನು ಮರಳಿ ಪಡೆಯಲು ಪರಿಪೂರ್ಣರಾಗಬೇಕಿಲ್ಲ. ನಡೆಸಲು ಆಗುವಷ್ಟನ್ನೇ ನುಡಿದು, ನುಡಿದಷ್ಟನ್ನು ತಪ್ಪದೆ ನಡೆಸಿದರೆ ಸಾಕು.