ಹಿಂದಿನವರ ಹೊರೆ

1920ರ ಬೇಸಗೆಯಲ್ಲಿ ಮಾಸ್ಕೋ ನಗರವು ಹಸಿವಿನಿಂದ ಕಂಗೆಟ್ಟಿದ್ದಿತು. ಬಳಲಿದ ವಿದ್ವಾಂಸರಿಗೂ ಲೇಖಕರಿಗೂ ಏರ್ಪಡಿಸಿದ್ದ ಒಂದು ವಿಶ್ರಾಂತಿಗೃಹದಲ್ಲಿ ಇಬ್ಬರು ಸ್ನೇಹಿತರಿಗೆ ಒಂದೇ ಕೊಠಡಿ ದೊರೆಯಿತು. ಒಂದು ಮೂಲೆ ಕವಿ ವ್ಯಾಚೆಸ್ಲಾವ್ ಇವಾನೊವನದು; ಎದುರು ಮೂಲೆ ಇತಿಹಾಸಕಾರ ಮಿಖಾಯಿಲ್ ಗೆರ್ಶೆನ್ಜೋನನದು. ಬಾಯಿಬಿಟ್ಟು ಮಾತನಾಡಲು ಅಡ್ಡಿಯೇನೂ ಇಲ್ಲದಿದ್ದರೂ ಅವರು ಮೂಲೆಯಿಂದ ಮೂಲೆಗೆ ಕಾಗದ ಬರೆಯತೊಡಗಿದರು. ಹೀಗೆ ಹುಟ್ಟಿದ ಹನ್ನೆರಡು ಪತ್ರಗಳು ಮರುವರ್ಷ ಒಂದು ಸಣ್ಣ ಪುಸ್ತಕವಾದುವು.

ಆ ಪತ್ರಗಳಲ್ಲಿ ಗೆರ್ಶೆನ್ಜೋನನು ತೋಡಿಕೊಂಡ ಅಳಲು ವಿಚಿತ್ರವಾದುದು. ಮಾನವಕುಲವು ಶತಮಾನಗಳಿಂದ ಕೂಡಿಟ್ಟ ಮತ, ತತ್ತ್ವ, ಶಾಸ್ತ್ರ, ಕಾವ್ಯಗಳೆಲ್ಲ ಅವನಿಗೆ ಮೈಗೆ ಒಗ್ಗದ ಭಾರವಾದ ಉಡುಪಿನಂತೆ ತೋರುತ್ತಿದ್ದುವು. ಗ್ರೀಕರ ಪುರಾಣದ ಮರವೆಯ ಹೊಳೆಯಲ್ಲಿ ಮುಳುಗಿ, ಓದಿದುದೆಲ್ಲ ತೊಳೆದುಹೋಗಿ, ಬರಿಮೈಯಲ್ಲಿ ದಡ ಸೇರಿದರೆ ಎಷ್ಟು ಹಗುರ ಎಂದು ಅವನು ಹಂಬಲಿಸಿದನು. ಅಕ್ಷರದ ಗಂಧವಿಲ್ಲದವನು ಈ ಮಾತನ್ನು ಆಡಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಆಡಿದವನಾದರೋ ಗತಿಸಿದವರ ವಿಚಾರಗಳನ್ನು ಕಾಪಾಡುವುದನ್ನೇ ಬಾಳಿನ ಕಸುಬಾಗಿ ಮಾಡಿಕೊಂಡಿದ್ದವನು. ಭಂಡಾರವನ್ನು ಕಾಯುವವನೇ ಭಂಡಾರವು ಬರಿದಾಗಲೆಂದು ಬಯಸಬಹುದೆ?

ಗೆರ್ಶೆನ್ಜೋನನು 1869ರಲ್ಲಿ ಕಿಶಿನೆವ್ ಪಟ್ಟಣದ ಒಂದು ಯೆಹೂದ್ಯ ಮನೆತನದಲ್ಲಿ ಹುಟ್ಟಿದನು. ಬರ್ಲಿನ್ನಿನಲ್ಲಿ ಎರಡು ವರ್ಷ ಎಂಜಿನಿಯರಿಂಗ್ ಓದಿ, ಅದು ರುಚಿಸದೆ, 1889ರಲ್ಲಿ ಮಾಸ್ಕೋ ವಿಶ್ವವಿದ್ಯಾನಿಲಯವನ್ನು ಸೇರಿ ವಿನೊಗ್ರಾದೊವ್ ಎಂಬ ಪ್ರಸಿದ್ಧ ಆಚಾರ್ಯನಲ್ಲಿ ಇತಿಹಾಸವನ್ನು ಕಲಿತನು. ವಿದ್ಯೆಗೆ ಮನ್ನಣೆ ದೊರೆತರೂ ಅಧ್ಯಾಪಕ ಪೀಠವು ದೊರೆಯಲಿಲ್ಲ. ಜ್ಞಾನಸ್ನಾನ ಮಾಡಿಸಿಕೊಂಡು ಕ್ರೈಸ್ತನಾಗಿದ್ದರೆ ಬಾಗಿಲು ತೆರೆಯುತ್ತಿದ್ದಿತು. ಅವನು ಒಪ್ಪಲಿಲ್ಲ, ಲೇಖನಿಯನ್ನೇ ನಂಬಿ ಬದುಕಿದನು. ತನ್ನ ಹಿರಿಯರ ಮತವನ್ನು ಲಾಭಕ್ಕಾಗಿ ಬಿಡಲೊಪ್ಪದವನೇ ಮುಂದೆ ಪರಂಪರೆಯ ಭಾರವನ್ನು ಕುರಿತು ನಿಟ್ಟುಸಿರು ಬಿಟ್ಟವನು ಎಂಬುದನ್ನು ಮರೆಯಬಾರದು.

ಅವನ ಇತಿಹಾಸದ ರೀತಿಯೇ ಬೇರೆ. ಇಂಥವನು ಇಂಥ ಸಿದ್ಧಾಂತವನ್ನು ಸ್ಥಾಪಿಸಿದನು, ಅದನ್ನು ಇಂಥವನು ಖಂಡಿಸಿದನು ಎಂದು ಪಟ್ಟಿ ಬರೆಯುವುದರಲ್ಲಿ ಅವನಿಗೆ ಆಸಕ್ತಿಯಿರಲಿಲ್ಲ. ಹಳೆಯ ಮನೆತನಗಳ ಕಾಗದಪತ್ರಗಳನ್ನು ಹುಡುಕಿ ತೆಗೆದು, ಒಂದು ವಿಚಾರವು ಒಬ್ಬ ಮನುಷ್ಯನ ಎದೆಯಲ್ಲಿ ಹೇಗೆ ಹುಟ್ಟಿತು, ಅದಕ್ಕೆ ಅವನು ಏನು ಬೆಲೆ ತೆತ್ತನು ಎಂಬುದನ್ನು ನೋಡುವನು. 1836ರಲ್ಲಿ ಚಾದಾಯೆವನು ರಷ್ಯದ ಗತಿಯನ್ನು ಟೀಕಿಸಿದ ಒಂದು ಪತ್ರವನ್ನು ಅಚ್ಚು ಹಾಕಿಸಲಾಗಿ, ಚಕ್ರವರ್ತಿಯು ಅವನಿಗೆ ಹುಚ್ಚು ಹಿಡಿದಿದೆಯೆಂದು ಸಾರಿಸಿ ವೈದ್ಯರ ಕಾವಲಿನಲ್ಲಿಟ್ಟನು. ಅದೇ ವರ್ಷ ಪೆಚೇರಿನನೆಂಬ ಗ್ರೀಕ್ ಭಾಷೆಯ ಅಧ್ಯಾಪಕನು ದೇಶ ಬಿಟ್ಟು ಹೋಗಿ, ಕ್ಯಾಥೊಲಿಕ್ ಸಂನ್ಯಾಸಿಯಾಗಿ, 1885ರಲ್ಲಿ ಡಬ್ಲಿನ್ನಿನಲ್ಲಿ ಕಣ್ಮುಚ್ಚಿದನು. ಇವರಿಬ್ಬರ ಚರಿತ್ರೆಗಳನ್ನು ಗೆರ್ಶೆನ್ಜೋನನು 1908ರಲ್ಲಿಯೂ 1910ರಲ್ಲಿಯೂ ಹೊರತಂದನು. ರೀಮ್ಸ್ಕಯಾ-ಕೋರ್ಸಕೋವಾ ಎಂಬ ಗೃಹಿಣಿಯ ಮನೆಯ ಪತ್ರಗಳಿಂದಲೇ ನೂರು ವರ್ಷಗಳ ಹಿಂದಣ ಮಾಸ್ಕೋವನ್ನು 1914ರ ಒಂದು ಗ್ರಂಥದಲ್ಲಿ ಕಣ್ಣಿಗೆ ಕಟ್ಟಿಸಿದನು.

1909ರಲ್ಲಿ ಅವನ ಪ್ರಯತ್ನದಿಂದ ಏಳು ಮಂದಿಯ ಪ್ರಬಂಧಗಳ ‘ವೇಖಿ’ ಎಂಬ ಸಂಪುಟವು ಹೊರಬಿದ್ದಿತು. ರಾಜ್ಯವ್ಯವಸ್ಥೆಯನ್ನು ತಿದ್ದುವುದಕ್ಕೆ ಮೊದಲು ಓದಿದವರು ತಮ್ಮ ಅಂತರಂಗವನ್ನು ತಿದ್ದಿಕೊಳ್ಳಲಿ ಎಂಬುದು ಅದರ ಸಾರ. ಪ್ರಜೆಗಳ ರೋಷದಿಂದ ಓದಿದವರನ್ನು ಕಾಯುತ್ತಿರುವುದು ಸರ್ಕಾರದ ಬಯನೆಟ್ಟೇ ಎಂಬ ಅರ್ಥದ ಒಂದು ವಾಕ್ಯವನ್ನು ಗೆರ್ಶೆನ್ಜೋನನು ಬರೆದುದರಿಂದ ಎಲ್ಲ ಪಕ್ಷದವರೂ ಅವನ ಮೇಲೆ ಹರಿಹಾಯ್ದರು. ಆ ವಾಕ್ಯವು ಅವಿವೇಕದ್ದೆಂದೇ ಹೇಳಬೇಕು. ಅನಂತರ ಅವನು ಬರೆದ ಸಮಜಾಯಿಷಿಯಿಂದ ಅದರ ಕಹಿ ಹೋಗಲಿಲ್ಲ.

ಇನ್ನೊಂದು ತಪ್ಪು ಅವನ ಶೀಲವನ್ನು ತೋರಿಸುತ್ತದೆ. 1919ರಲ್ಲಿ ಪುಷ್ಕಿನನ ವಿವೇಕವನ್ನು ಕುರಿತು ಬರೆದ ಗ್ರಂಥದಲ್ಲಿ, ಪುಷ್ಕಿನನ ಗುಪ್ತ ಶ್ರದ್ಧೆಯೇ ಇದೆಂದು ಒಂದು ಬರೆಹವನ್ನು ಹರ್ಷದಿಂದ ಮುದ್ರಿಸಿದನು. ಅದು ಜುಕೋವ್ಸ್ಕಿ ಕವಿಯ ಬರೆಹವೆಂದೂ ಪುಷ್ಕಿನನು ನಕಲು ಮಾಡಿಕೊಂಡಿದ್ದನಷ್ಟೇ ಎಂದೂ ಆಮೇಲೆ ತಿಳಿದುಬಂದಿತು. ಮಾರಾಟವಾಗದೆ ಉಳಿದಿದ್ದ ಪ್ರತಿಗಳಿಂದ ಆ ಪುಟಗಳನ್ನು ಕತ್ತರಿಸಿ ತೆಗೆಯಲಾಯಿತು. ಪರರ ನುಡಿಯನ್ನು ತನ್ನ ಕೈಯಿಂದ ಬರೆದುಕೊಂಡರೆ ಅದು ತನ್ನದಾಗುವುದೆ? ಮರುವರ್ಷದ ಪತ್ರಗಳಲ್ಲಿ ಅವನನ್ನು ಬಾಧಿಸಿದ ಪ್ರಶ್ನೆಯೂ ಇದಕ್ಕೆ ದೂರವಾದುದೇನಲ್ಲ.

ಇವಾನೊವನು ಕೊಟ್ಟ ಉತ್ತರ ಗಂಭೀರವಾದುದು. ಸಂಸ್ಕೃತಿಯೆಂದರೆ ಹಿರಿಯರ ಸ್ಮರಣೆ, ಮೇಲಕ್ಕೆ ಹತ್ತುವ ಮೆಟ್ಟಲು; ದೈವಶ್ರದ್ಧೆಯುಳ್ಳವನಿಗೆ ಅದು ಸೆರೆಯಾಗದು ಎಂದು ಅವನ ನಿಲುವು. ಋಷಿಋಣವನ್ನು ನಂಬುವ ಮನೆಗಳಲ್ಲಿ ಈ ಉತ್ತರಕ್ಕೇ ತಲೆದೂಗುವವರು ಹೆಚ್ಚು. ಆದರೂ ಗೆರ್ಶೆನ್ಜೋನನ ಸಂಕಟವು ಅದರಿಂದ ತೀರುವುದಿಲ್ಲ. ಚಾದಾಯೆವನು ಮಾನವನ್ನು ತೆತ್ತು ಪಡೆದುದನ್ನು ಓದುಗನು ಒಂದು ಸಂಜೆಯಲ್ಲಿ ಕಾಸಿಲ್ಲದೆ ಪಡೆಯುತ್ತಾನೆ. ಪಡೆದು ತನ್ನದೆಂದು ಆಡುತ್ತಾನೆ. ತೆತ್ತ ಬೆಲೆಯನ್ನು ಬಲ್ಲ ಇತಿಹಾಸಕಾರನಿಗೆ ಈ ಸುಲಭವಾದ ಸಿರಿವಂತಿಕೆಯು ಲಜ್ಜೆಯನ್ನು ತಾರದೆ ಹೇಗಿದ್ದೀತು? ಅವನ ಹಂಬಲವನ್ನು ಕೃತಘ್ನತೆಯೆನ್ನುವುದು ಅನ್ಯಾಯ. ಸಾಲದ ಲೆಕ್ಕವನ್ನು ಇತರರಿಗಿಂತ ಚೆನ್ನಾಗಿ ಬಲ್ಲವನ ಹಂಬಲ ಅದು. ಮರವೆಯ ಹೊಳೆಯನ್ನು ಬಯಸಿದನೇ ಹೊರತು, ಹಸಿವಿನ ಆ ದಿನಗಳಲ್ಲಿಯೂ ಅವನು ಹಳೆಯ ಕಾಗದಗಳ ಕಟ್ಟನ್ನು ಕೈಬಿಡಲಿಲ್ಲ.

1924ರಲ್ಲಿ ಇವಾನೊವನು ಇಟಲಿಗೆ ಹೊರಟುಹೋದನು. ಗೆರ್ಶೆನ್ಜೋನನು ಮಾಸ್ಕೋದಲ್ಲಿಯೇ ಉಳಿದು, ಮತ್ತೆ ಪುಷ್ಕಿನನ ಸಾಲುಗಳನ್ನು ಒಂದೊಂದಾಗಿ ಶೋಧಿಸುತ್ತಿದ್ದು, 1925ರ ಫೆಬ್ರವರಿಯಲ್ಲಿ ತೀರಿಕೊಂಡನು. ಆ ಲೇಖನಗಳ ಸಂಪುಟವು ಮರುವರ್ಷ ಅಚ್ಚಾಯಿತು.